ಮಧ್ಯಾಹ್ನ ಒಂದು ಗಂಟೆಯ ಪೆರ್ನೊ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಟಿವಿ ಸುದ್ದಿ ಅಂದರೆ ರಾತ್ರಿ ಎಂಟರ ಸುದ್ದಿ ಓದುವವರ ಹೆಸರುಗಳೇ ಮೊದಲು ಬರುತ್ತವೆ. ಆದರೆ ಆ ದೇಶದ ಸಣ್ಣ ಊರುಗಳ ಮನೆಗಳಲ್ಲಿ ಹೆಚ್ಚು ಪರಿಚಿತವಾಗಿದ್ದ ಮುಖ ಮಧ್ಯಾಹ್ನದ್ದು. ಝಾಂ-ಪಿಯೇರ್ ಪೆರ್ನೊ ಅವರದ್ದು. ಪತ್ರಿಕೋದ್ಯಮ ಓದುವವರು, ಫ್ರೆಂಚ್ ಕಲಿಯುವವರು, ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರು ಅವರ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನನಗೆ ಅವರ ಕೆಲಸದ ಮೇಲೆ ಗೌರವ ಇದೆ. ಒಪ್ಪದ ವಿಷಯಗಳೂ ಇವೆ. ಎರಡನ್ನೂ ಬರೆದಿದ್ದೇನೆ.

ಪೆರ್ನೊ ಯಾರು? ಎರಡು ಮಾತಲ್ಲಿ ಹೇಳಿ.

ಟಿಎಫ್ 1 ಚಾನೆಲ್‌ನಲ್ಲಿ ಮಧ್ಯಾಹ್ನ ಒಂದರ ಸುದ್ದಿ ನಡೆಸಿಕೊಟ್ಟವರು. 1988ರ ಫೆಬ್ರವರಿ 22ರಿಂದ 2020ರ ಡಿಸೆಂಬರ್ 18ರವರೆಗೆ ಆ ಕುರ್ಚಿಯಲ್ಲಿ ಕೂತರು. ಹತ್ತಿರ ಹತ್ತಿರ 33 ವರ್ಷ. ಅಷ್ಟರಲ್ಲಿ ಫ್ರಾನ್ಸ್ ಐವರು ಅಧ್ಯಕ್ಷರನ್ನು ಕಂಡಿತು: ಮಿತ್ತೆರಾಂ, ಶಿರಾಕ್, ಸಾರ್ಕೋಜಿ, ಒಲಾಂದ್, ಮಾಕ್ರೋಂ. ದುಡ್ಡು ಫ್ರಾಂಕ್‌ನಿಂದ ಯೂರೋಗೆ ಬದಲಾಯಿತು. ಮಧ್ಯಾಹ್ನದ ಆ ಮುಖ ಮಾತ್ರ ಬದಲಾಗಲಿಲ್ಲ.

ಅವರ ಊರು ಯಾವುದು?

ಹುಟ್ಟಿದ್ದು 1950ರ ಏಪ್ರಿಲ್ 8ರಂದು, ಉತ್ತರ ಫ್ರಾನ್ಸಿನ ಅಮಿಯೆಂ ನಗರದಲ್ಲಿ. ಬೆಳೆದದ್ದು ಅದೇ ಸೊಮ್ ಜಿಲ್ಲೆಯ ಕೆವೊವಿಲೆರ್ ಎಂಬ ಹಳ್ಳಿಯಲ್ಲಿ. ಪಿಕಾರ್ದಿ ಅಂತ ಕರೆಯುವ ಸೀಮೆ ಅದು. ಅಪ್ಪ ಯಂತ್ರೋಪಕರಣ ತಯಾರಿಸುವ ಕಾರ್ಖಾನೆಯ ನಿರ್ದೇಶಕರು. ಅಮ್ಮ ಔಷಧದ ಅಂಗಡಿ ನೋಡಿಕೊಳ್ಳುತ್ತಿದ್ದ ಫಾರ್ಮಸಿಸ್ಟ್.

ಈ ವಿವರ ಸುಮ್ನೆ ಹೇಳುತ್ತಿಲ್ಲ. ಫ್ರಾನ್ಸಿನ ಹಳ್ಳಿಯಲ್ಲಿ ಔಷಧದ ಅಂಗಡಿ ಅಂದರೆ ಊರಿನ ಎಲ್ಲರೂ ಬಂದು ನಿಲ್ಲುವ ಜಾಗ. ಅಂಥ ಮನೆಯ ಹುಡುಗನಿಗೆ ಊರು ಅಂದರೆ ಏನು, ಒಂದು ಅಂಗಡಿ ಮುಚ್ಚಿದರೆ ಅಲ್ಲಿ ಏನಾಗುತ್ತದೆ ಅನ್ನೋದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಟಿವಿಗೆ ಬಂದದ್ದು ಹೇಗೆ?

ಲಿಲ್ ನಗರದ ಪತ್ರಿಕೋದ್ಯಮ ಶಾಲೆಯಲ್ಲಿ ಓದಿದರು. ಫ್ರಾನ್ಸಿನಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಅಮಿಯೆಂನ ದಿನಪತ್ರಿಕೆ 'ಕೂರಿಯೇ ಪಿಕಾರ್'ನಲ್ಲಿ ಕೆಲಸ ಕಲಿತರು. ಆಮೇಲೆ ಸರ್ಕಾರಿ ಪ್ರಸಾರ ಸಂಸ್ಥೆ ಓಆರ್‌ಟಿಎಫ್‌ನ ಪಿಕಾರ್ದಿ ಕೇಂದ್ರ ಸೇರಿದರು. ಅಂದರೆ ಪ್ಯಾರಿಸ್‌ಗೆ ಕಾಲಿಡುವ ಮುಂಚೆ ಅವರು ಮಾಡಿದ್ದೆಲ್ಲ ಜಿಲ್ಲೆಯ ಸುದ್ದಿ.

ಓಆರ್‌ಟಿಎಫ್ ಅನ್ನು ಒಡೆದು ಹಲವು ಸಂಸ್ಥೆ ಮಾಡಿದರು. 1975ರ ಜನವರಿಯಲ್ಲಿ ಟಿಎಫ್ 1 ಹುಟ್ಟಿತು. ಪೆರ್ನೊ ಅದೇ ವರ್ಷ ಅಲ್ಲಿಗೆ ಹೋದರು. ಮೊದಲು ತಡರಾತ್ರಿಯ ಸುದ್ದಿ ಓದಿದರು. 70ರ ದಶಕದ ಕೊನೆಗೆ ಮಧ್ಯಾಹ್ನದ ಸುದ್ದಿಯಲ್ಲಿ ಇವ್ ಮುರುಸಿ ಪಕ್ಕ ಕೂತರು. ಆಮೇಲೆ ಪರದೆಯ ಮುಂದಿನ ಜಾಗ ಹೋಯಿತು. ವರ್ಷಗಟ್ಟಲೆ ಆರ್ಥಿಕ ವಿಭಾಗದಲ್ಲಿ ವರದಿಗಾರರಾಗಿ ದುಡಿದರು. ಬೆಲೆ, ಸಂಬಳ, ತೆರಿಗೆ ಇವನ್ನು ಮನೆಮಂದಿಗೆ ತಿಳಿಯುವ ಹಾಗೆ ಹೇಳುವ ಅಭ್ಯಾಸ ಆಗಿದ್ದು ಅಲ್ಲಿ. ಯಾರೂ ಹೆಚ್ಚು ಮಾತಾಡದ ಈ ವರ್ಷಗಳೇ ಅವರನ್ನು ತಯಾರು ಮಾಡಿದವು ಅಂತ ನನಗನ್ನಿಸುತ್ತದೆ.

ಟಿಎಫ್ 1 ಸರ್ಕಾರಿ ಚಾನೆಲ್ಲಾ?

ಮೊದಲು ಹೌದು. 1987ರಲ್ಲಿ ಖಾಸಗಿಯವರಿಗೆ ಮಾರಿದರು. ಕಟ್ಟಡ ಕಟ್ಟುವ ಬುಯಿಗ್ ಕಂಪನಿಯ ಕೈಗೆ ಹೋಯಿತು.

1988ರಲ್ಲಿ ಅವರಿಗೆ ಆ ಕುರ್ಚಿ ಯಾಕೆ ಸಿಕ್ಕಿತು?

ಅದಕ್ಕೂ ಮುಂಚೆ ಅಲ್ಲಿ ಇದ್ದವರು ಇವ್ ಮುರುಸಿ ಮತ್ತು ಮರಿ-ಲೋರ್ ಓಗ್ರೀ. ಮುರುಸಿ ಆ ಕಾಲದ ದೊಡ್ಡ ತಾರೆ. ಸುದ್ದಿಯನ್ನು ದೂರದ ದೇಶಗಳಿಂದ ನೇರವಾಗಿ ನಡೆಸುತ್ತಿದ್ದರು. 1985ರಲ್ಲಿ ಅಧ್ಯಕ್ಷ ಮಿತ್ತೆರಾಂ ಅವರ ಸಂದರ್ಶನ ಮಾಡುವಾಗ ಮೇಜಿನ ಅಂಚಿಗೆ ಕೂತು ಮಾತಾಡಿದ್ದರು. ಅದನ್ನು ಫ್ರಾನ್ಸಿನವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಚಾನೆಲ್ ಖಾಸಗಿಯಾದ ಮೇಲೆ ಹೊಸ ಮಾಲೀಕರಿಗೆ ಬೇರೆ ಥರದ ಸುದ್ದಿ ಬೇಕಿತ್ತು. ಮಧ್ಯಾಹ್ನ ಮನೆಯಲ್ಲಿ ಇರುವವರು ಯಾರು, ಅವರಿಗೆ ಬೇಕಾದದ್ದು ಏನು ಅಂತ ಯೋಚಿಸಿದರು. ಆಗ ಕಣ್ಣಿಗೆ ಬಿದ್ದದ್ದು ಪಿಕಾರ್ದಿಯ ಈ ವರದಿಗಾರ. ಪೆರ್ನೊಗೆ ಆಗ 37 ವರ್ಷ. ಮುರುಸಿಯ ಥಳುಕು ಅವರಲ್ಲಿ ಒಂಚೂರೂ ಇರಲಿಲ್ಲ. ಅದನ್ನು ತರಲು ಅವರು ಪ್ರಯತ್ನವನ್ನೂ ಮಾಡಲಿಲ್ಲ.

ಮಧ್ಯಾಹ್ನ ಅಷ್ಟೊಂದು ಜನ ಟಿವಿ ನೋಡುತ್ತಾರಾ?

ನೋಡುತ್ತಾರೆ. ಫ್ರಾನ್ಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಒಂದು ಶಿಸ್ತು ಇದೆ. ಸಣ್ಣ ಊರುಗಳಲ್ಲಿ ಹನ್ನೆರಡರಿಂದ ಎರಡರವರೆಗೆ ಅಂಗಡಿ, ಕಚೇರಿ ಬಾಗಿಲು ಹಾಕುತ್ತವೆ. ಹತ್ತಿರ ಇರುವವರು ಮನೆಗೆ ಬಂದು ಊಟ ಮಾಡುತ್ತಾರೆ. ಜೊತೆಗೆ ನಿವೃತ್ತರು, ರೈತರು, ಮಕ್ಕಳನ್ನು ನೋಡಿಕೊಳ್ಳುವವರು. ಪ್ಯಾರಿಸ್‌ನ ಆಫೀಸುಗಳಲ್ಲಿ ಇರುವವರಿಗೆ ಈ ಸುದ್ದಿ ಕಾಣುವುದೇ ಇಲ್ಲ. ಹಾಗಾಗಿ ದೊಡ್ಡ ಪತ್ರಿಕೆಗಳಲ್ಲಿ ಬರೆಯುವವರು ಇದರ ಬಲವನ್ನು ಬಹಳ ಕಾಲ ಗುರುತಿಸಲಿಲ್ಲ.

ಎಷ್ಟು ಜನ?

ಕೊನೆಯ ವರ್ಷಗಳಲ್ಲಿ ದಿನಕ್ಕೆ ಸುಮಾರು 50 ಲಕ್ಷ. ಆ ಹೊತ್ತಿಗೆ ಟಿವಿ ಹಾಕಿಕೊಂಡವರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಜನ ಇವರನ್ನೇ ನೋಡುತ್ತಿದ್ದರು. ಅದಕ್ಕೂ ಮುಂಚೆ, ಚಾನೆಲ್‌ಗಳು ಕಡಿಮೆ ಇದ್ದಾಗ, ಅರ್ಧಕ್ಕಿಂತ ಹೆಚ್ಚು ಜನ ನೋಡಿದ ದಿನಗಳೂ ಇವೆ.

ಅವರ ಸುದ್ದಿಯಲ್ಲಿ ಅಂಥ ವಿಶೇಷ ಏನಿತ್ತು?

ಸುದ್ದಿಯ ದಾರಿಯನ್ನೇ ಅವರು ತಿರುಗಿಸಿದರು. ಬೇರೆ ಕಡೆ ಏನಾಗುತ್ತಿತ್ತು? ಸಚಿವರು ಪ್ಯಾರಿಸ್‌ನಲ್ಲಿ ಒಂದು ನಿರ್ಧಾರ ಹೇಳುತ್ತಿದ್ದರು. ಕ್ಯಾಮೆರಾ ಅವರ ಮುಂದೆ ನಿಲ್ಲುತ್ತಿತ್ತು. ಪೆರ್ನೊ ಸುದ್ದಿಯಲ್ಲಿ ಕ್ಯಾಮೆರಾ ಆ ನಿರ್ಧಾರ ತಟ್ಟುವ ಮನೆಗೆ ಹೋಗುತ್ತಿತ್ತು. ಡೀಸೆಲ್ ಬೆಲೆ ಏರಿತಾ? ದಿನಾ ದೂರದ ಊರಿಗೆ ಕೆಲಸಕ್ಕೆ ಕಾರಲ್ಲಿ ಹೋಗುವವರನ್ನು ಕೇಳಿ. ರೈಲು ನಿಂತಿತಾ? ಸಣ್ಣ ನಿಲ್ದಾಣದಲ್ಲಿ ಕಾಯುತ್ತಿರುವವರನ್ನು ಕೇಳಿ. ಹಿಮ ಬಿತ್ತಾ? ಹಾಲು ಸಂಗ್ರಹಿಸುವ ಲಾರಿ ಬೆಟ್ಟದ ದಾರಿಯಲ್ಲಿ ಹೇಗೆ ಹೋಗುತ್ತದೆ ನೋಡಿ.

ಸುದ್ದಿಯ ದ್ವಿತೀಯಾರ್ಧ ಇನ್ನೂ ಬೇರೆ. ಅಲ್ಲಿ ಕುಶಲಕರ್ಮಿಗಳು ಬರುತ್ತಿದ್ದರು. ಮರದ ಪಾದುಕೆ ಕೆತ್ತುವವರು, ಚಾಕು ಮಾಡುವವರು, ಚೀಸ್ ಮಾಡುವವರು, ಗಡಿಯಾರ ರಿಪೇರಿಯವರು. ಊರಿನ ಸಂತೆ, ಹಬ್ಬ, ದ್ರಾಕ್ಷಿ ಕೊಯ್ಲು, ಸಮುದ್ರ ತೀರದ ಸಿಂಪಿ ಸಾಕಣೆ. ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಕೊಮ್ಯೂನ್‌ಗಳಿವೆ. ಒಂದೊಂದಕ್ಕೂ ತನ್ನದೇ ಮೇಯರ್, ತನ್ನದೇ ಪುರಭವನ. ಬಹುಪಾಲು ಊರುಗಳ ಹೆಸರು ರಾಷ್ಟ್ರೀಯ ಟಿವಿಯಲ್ಲಿ ಬರುತ್ತಿದ್ದದ್ದು ಪ್ರವಾಹವೋ ಕೊಲೆಯೋ ಆದಾಗ ಮಾತ್ರ. ಪೆರ್ನೊ ಕಾಲದಲ್ಲಿ ಆ ಊರುಗಳು ತಮ್ಮ ಕೆಲಸದಿಂದ, ತಮ್ಮ ಅಡುಗೆಯಿಂದ, ತಮ್ಮ ಮಾತಿನ ಧಾಟಿಯಿಂದ ಟಿವಿಗೆ ಬಂದವು. ಹಳ್ಳಿಯ ಮುದುಕರೊಬ್ಬರು ದೇಶದ ಅತಿ ಹೆಚ್ಚು ಜನ ನೋಡುವ ಮಧ್ಯಾಹ್ನದ ಸುದ್ದಿಯಲ್ಲಿ ತಮ್ಮ ಕಸುಬಿನ ಬಗ್ಗೆ ಎರಡು ನಿಮಿಷ ಮಾತಾಡುವುದು ಸಣ್ಣ ವಿಷಯ ಅಲ್ಲ.

ಅವರು ಮಾತಾಡುತ್ತಿದ್ದ ರೀತಿಯೂ ಹಾಗೇ ಇತ್ತು. ಸಣ್ಣ ವಾಕ್ಯ. ಒಂದು ವರದಿ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಒಂದು ನಗು, ಇಲ್ಲವೇ ಒಂದು ಗೊಣಗಾಟ. ಊಟದ ಮೇಜಿನಲ್ಲಿ ಕೂತವರ ಜೊತೆ ತಾನೂ ಕೂತಿದ್ದೇನೆ ಅನ್ನುವ ಧಾಟಿ.

ಇಷ್ಟೊಂದು ಊರುಗಳಿಂದ ವರದಿ ತರಿಸುತ್ತಿದ್ದದ್ದು ಹೇಗೆ?

ಸರ್ಕಾರಿ ವಲಯದ ಫ್ರಾನ್ಸ್ 3 ಚಾನೆಲ್‌ಗೆ ಪ್ರತಿ ಪ್ರಾಂತ್ಯದಲ್ಲೂ ಕೇಂದ್ರ ಇದೆ. ಟಿಎಫ್ 1ಗೆ ಅಂಥ ಕೇಂದ್ರಗಳಿರಲಿಲ್ಲ. ಅದಕ್ಕೆ ಪ್ರಾದೇಶಿಕ ದಿನಪತ್ರಿಕೆಗಳ ಜೊತೆ ಸೇರಿ ಬೇರೆ ಬೇರೆ ಕಡೆ ವರದಿಗಾರರ ಕಚೇರಿಗಳ ಜಾಲ ಕಟ್ಟಿದರು. ಫ್ರಾನ್ಸಿನ ಪತ್ರಿಕಾಲೋಕ ಗೊತ್ತಿದ್ದವರಿಗೆ ಇದರ ಜಾಣತನ ತಿಳಿಯುತ್ತದೆ. ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ದಿನಪತ್ರಿಕೆ ಪ್ಯಾರಿಸ್‌ನದ್ದಲ್ಲ. ಬ್ರೆಟನಿ, ನಾರ್ಮಂಡಿ ಕಡೆಯ 'ವೆಸ್ಟ್-ಫ್ರಾನ್ಸ್'. ಊರೂರಿನಲ್ಲಿ ಅವಕ್ಕೆ ಜನ ಇದ್ದಾರೆ, ಪರಿಚಯ ಇದೆ.

ಆ ವರದಿಗಾರರು ಅದೇ ಸೀಮೆಯಲ್ಲಿ ವಾಸ ಮಾಡುವವರು. ಪ್ಯಾರಿಸ್‌ನಿಂದ ಬೆಳಗ್ಗೆ ಹೊರಟು ಸಂಜೆ ವಾಪಸ್ ಬರುವವರಲ್ಲ. ಒಬ್ಬ ರೈತ ಕ್ಯಾಮೆರಾ ಮುಂದೆ ಸಲೀಸಾಗಿ ಮಾತಾಡುತ್ತಾನೆ ಅಂದರೆ ಅದಕ್ಕೆ ಇದೇ ಕಾರಣ. ನಿರೂಪಕರಿಗೆ ಬಂದ ಹೆಸರಿನಲ್ಲಿ ದೊಡ್ಡ ಪಾಲು ಈ ವರದಿಗಾರರದ್ದು.

ಅವರು ಬರೀ ಓದುತ್ತಿದ್ದರಾ?

ಇಲ್ಲ. ಆ ಸುದ್ದಿಯ ಸಂಪಾದಕರೂ ಅವರೇ. ಯಾವ ಸುದ್ದಿ ಮೊದಲು, ಯಾವುದು ಆಮೇಲೆ, ಯಾವುದು ಬೇಡ ಅಂತ ಬೆಳಗಿನ ಸಭೆಯಲ್ಲಿ ಅವರೇ ತೀರ್ಮಾನಿಸುತ್ತಿದ್ದರು. ಫ್ರಾನ್ಸಿನಲ್ಲಿ ದೊಡ್ಡ ನಿರೂಪಕರಿಗೆ ಈ ಅಧಿಕಾರ ಇರುವುದು ಮಾಮೂಲು. ಆದ್ದರಿಂದ ಹೊಗಳಿಕೆಯೂ ಅವರಿಗೇ ಸೇರಬೇಕು, ಟೀಕೆಯೂ ಅವರಿಗೇ.

ಟೀಕೆ ಏನಿತ್ತು?

ಬಹಳ ಇತ್ತು, ಮತ್ತು ಅದರಲ್ಲಿ ಹುರುಳೂ ಇತ್ತು.

ಮೊದಲನೆಯದು, ಹೊರಗಿನ ಪ್ರಪಂಚವೇ ಇಲ್ಲದ ಸುದ್ದಿ ಅನ್ನುವ ಮಾತು. 1998ರಲ್ಲಿ 'ಟೆಲೆರಾಮಾ' ವಾರಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಪೆರ್ನೊ ಇದನ್ನು ಮುಚ್ಚಿಡಲಿಲ್ಲ. ತನ್ನದು ಫ್ರಾನ್ಸಿನವರಿಗಾಗಿ ಮಾಡುವ ಸುದ್ದಿ, ವೆನೆಜುವೆಲಾದ ಸುದ್ದಿ ಬೇಕಾದವರು ವೆನೆಜುವೆಲಾದ ಚಾನೆಲ್ ನೋಡಲಿ ಅನ್ನುವ ಅರ್ಥದಲ್ಲಿ ಮಾತಾಡಿದರು. ಆ ಮಾತು ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ. ನನ್ನ ಮಟ್ಟಿಗೆ ಇದು ಅವರ ದೊಡ್ಡ ಕೊರತೆ. 50 ಲಕ್ಷ ಜನ ನೋಡುವ ಸುದ್ದಿಗೆ ಪ್ರಪಂಚದ ಕಡೆಯೂ ಒಂದು ಕಿಟಕಿ ಇರಬೇಕು. ಹಳ್ಳಿಯವರಿಗೆ ಹೊರಗಿನ ವಿಷಯದಲ್ಲಿ ಆಸಕ್ತಿ ಇಲ್ಲ ಅಂತ ಅಂದುಕೊಳ್ಳುವುದೂ ಹಳ್ಳಿಯವರನ್ನು ಕಮ್ಮಿ ಅಂದಾಜು ಮಾಡಿದ ಹಾಗೇ ಅಲ್ವಾ?

ಎರಡನೆಯದು, ಎಲ್ಲವೂ ಹಿಂದೆ ಚೆನ್ನಾಗಿತ್ತು ಅನ್ನುವ ಧಾಟಿ. ಅವರು ತೋರಿಸಿದ ಫ್ರಾನ್ಸಿನಲ್ಲಿ ಚರ್ಚಿನ ಗೋಪುರ, ಸಂತೆ, ಮುದುಕ ಕಮ್ಮಾರ ಇದ್ದರು. ನಗರದ ಹೊರವಲಯದ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಇರುವ ಕುಟುಂಬಗಳು, ವಲಸೆ ಬಂದವರ ಮಕ್ಕಳು ಅಷ್ಟಾಗಿ ಕಾಣುತ್ತಿರಲಿಲ್ಲ. ಮುಷ್ಕರ ಆದಾಗ ತೊಂದರೆಗೆ ಸಿಕ್ಕ ಪ್ರಯಾಣಿಕರ ಮಾತೇ ಹೆಚ್ಚು, ಮುಷ್ಕರ ಮಾಡಿದವರ ಕಾರಣಗಳು ಕಡಿಮೆ ಅಂತಲೂ ಮಾಧ್ಯಮ ವಿಮರ್ಶಕರು ಬರೆದರು.

ಮೂರನೆಯದು 2016ರ ನವೆಂಬರಿನದು. ಮನೆಯಿಲ್ಲದವರಿಗೆ ತಂಗಲು ಜಾಗ ಸಿಗುತ್ತಿಲ್ಲ ಅನ್ನುವ ವಿಷಯ ಮುಗಿಸಿ, ಆದರೆ ವಲಸಿಗರಿಗೆ ಕೇಂದ್ರಗಳು ತೆರೆಯುತ್ತಲೇ ಇವೆ ಅಂತ ಜೋಡಿಸಿ ಹೇಳಿದರು. ಪ್ರಸಾರ ನಿಯಂತ್ರಣ ಮಂಡಳಿಗೆ ದೂರುಗಳು ಹೋದವು. ಇಬ್ಬರು ಬಡವರನ್ನು ಎದುರುಬದುರು ನಿಲ್ಲಿಸಿದ ಮಾತು ಅದು. ಅದನ್ನು ನಾನು ಸಮರ್ಥಿಸಲಾರೆ.

ಅವರ ರಾಜಕೀಯ ಯಾವ ಕಡೆಗೆ?

ಯಾವ ಪಕ್ಷದ ಹೆಸರನ್ನೂ ಅವರು ಹೇಳಲಿಲ್ಲ. ತೆರಿಗೆ, ಕಾಗದಪತ್ರದ ಕಾಟ, ಮುಚ್ಚುತ್ತಿರುವ ಅಂಚೆ ಕಚೇರಿ, ಆಸ್ಪತ್ರೆಗಳ ಬಗ್ಗೆ ಮಾತ್ರ ಬಾಯಿಬಿಟ್ಟು ಮಾತಾಡುತ್ತಿದ್ದರು. 2018ರ ಜುಲೈನಲ್ಲಿ ಹಳ್ಳಿಗಾಡಿನ ರಸ್ತೆಗಳಲ್ಲಿ ವೇಗದ ಮಿತಿಯನ್ನು 90ರಿಂದ 80 ಕಿಲೋಮೀಟರಿಗೆ ಇಳಿಸಿದಾಗ ಅವರು ವಿರೋಧವನ್ನು ಅಡಗಿಸಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಇಂಧನ ತೆರಿಗೆಯ ಏರಿಕೆ ವಿರೋಧಿಸಿ ಹಳದಿ ಜಾಕೆಟ್ ತೊಟ್ಟವರು ಬೀದಿಗೆ ಬಂದರು. ಅವರ ಸಿಟ್ಟಿನ ಕಾರಣಗಳು ಪ್ಯಾರಿಸ್‌ನ ಬಹಳ ಪತ್ರಕರ್ತರಿಗೆ ಹೊಸದಾಗಿದ್ದವು. ಒಂದು ಗಂಟೆಯ ಸುದ್ದಿ ನೋಡುತ್ತಿದ್ದವರಿಗೆ ಹೊಸದಾಗಿರಲಿಲ್ಲ.

ಅಧ್ಯಕ್ಷರು ಹಳ್ಳಿಯ ಶಾಲೆಯಲ್ಲಿ ಕೂತು ಸಂದರ್ಶನ ಕೊಟ್ಟದ್ದು ನಿಜವಾ?

ನಿಜ. 2018ರ ಏಪ್ರಿಲ್ 12. ನಾರ್ಮಂಡಿಯ ಓರ್ನ್ ಜಿಲ್ಲೆಯ ಬೆರ್‌ದುಯಿ ಎಂಬ ಊರು. ಅಲ್ಲಿನ ಜನಸಂಖ್ಯೆ ಸುಮಾರು 1,100. ಪ್ರಾಥಮಿಕ ಶಾಲೆಯ ತರಗತಿಯಲ್ಲಿ ಇಮಾನ್ಯುಯೆಲ್ ಮಾಕ್ರೋಂ ಮತ್ತು ಪೆರ್ನೊ ಎದುರುಬದುರು ಕೂತು ಒಂದು ಗಂಟೆಗೂ ಹೆಚ್ಚು ಮಾತಾಡಿದರು. ರೈಲು ಮುಷ್ಕರ, ಪಿಂಚಣಿದಾರರ ಮೇಲೆ ಬಿದ್ದ ಹೊರೆ, ರಸ್ತೆಯ ವೇಗದ ಮಿತಿ, ಸಿರಿಯಾ ಎಲ್ಲ ಬಂತು. 60 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅಂದಹಾಗೆ ಇಬ್ಬರೂ ಅಮಿಯೆಂನಲ್ಲೇ ಹುಟ್ಟಿದವರು.

ಅಧ್ಯಕ್ಷರು ಸಾಮಾನ್ಯವಾಗಿ ಪತ್ರಕರ್ತರನ್ನು ಎಲಿಸೇ ಅರಮನೆಗೆ ಕರೆಸುತ್ತಾರೆ. ಆವತ್ತು ಅವರು ಮಧ್ಯಾಹ್ನದ ಸುದ್ದಿಯ ಪ್ರೇಕ್ಷಕರನ್ನು ಹುಡುಕಿಕೊಂಡು ಬರಬೇಕಾಯಿತು. ಪೆರ್ನೊ ಮೂವತ್ತು ವರ್ಷ ಕಟ್ಟಿದ್ದು ಏನು ಅಂತ ಯಾರಾದರೂ ಕೇಳಿದರೆ ನಾನು ಈ ದಿನವನ್ನು ತೋರಿಸುತ್ತೇನೆ.

ಸುದ್ದಿಯ ಹೊರಗೆ ಏನು ಮಾಡಿದರು?

1991ರಿಂದ 2010ರವರೆಗೆ, ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ತೋರಿಸುವ ಒಂದು ಕಾರ್ಯಕ್ರಮ ನಡೆಸಿದರು. ಮನೆಖರ್ಚು, ವ್ಯಾಪಾರದ ಗುಟ್ಟು, ಸರ್ಕಾರಿ ದುಡ್ಡಿನ ಪೋಲು ಅದರ ವಸ್ತು.

ಇನ್ನೆರಡು ಪ್ರಯತ್ನ ನನಗೆ ಇಷ್ಟ. ಒಂದು, ಹಳ್ಳಿಗಳನ್ನು ಉಳಿಸುವ ಅಭಿಯಾನ. ಬ್ರೆಡ್ ಅಂಗಡಿಯವರು ನಿವೃತ್ತರಾಗುತ್ತಿದ್ದಾರೆ, ನಡೆಸಲು ಯಾರಾದರೂ ಬೇಕು, ವೈದ್ಯರು ಬೇಕು, ಊರಿನ ಒಂದೇ ಕೆಫೆ ಮುಚ್ಚುತ್ತಿದೆ. ಇಂಥ ಊರುಗಳನ್ನು ಪರದೆಯ ಮೇಲೆ ತೋರಿಸಿ, ಬರಲು ಮನಸ್ಸಿರುವವರ ಜೊತೆ ಜೋಡಿಸುತ್ತಿದ್ದರು. ಇನ್ನೊಂದು, ದೇಶದ ಅತಿ ಚೆಂದದ ಸಂತೆಯನ್ನು ಜನರೇ ಆರಿಸುವ ಸ್ಪರ್ಧೆ. 2018ರಲ್ಲಿ ಮೆಡಿಟರೇನಿಯನ್ ತೀರದ ಸನಾರಿ-ಸುರ್-ಮೆರ್ ಗೆದ್ದಿತು. 2019ರಲ್ಲಿ ಲ್ವಾರ್ ಜಿಲ್ಲೆಯ ಮೊಂಬ್ರಿಸೊಂ.

ಮನೆ, ಹವ್ಯಾಸ?

ಹೆಂಡತಿ ನತಾಲಿ ಮಾರ್ಕೆ, 1987ರ ಮಿಸ್ ಫ್ರಾನ್ಸ್. 2007ರಲ್ಲಿ ಮದುವೆಯಾದರು. ಎರಡು ಮದುವೆಗಳಿಂದ ಒಟ್ಟು ನಾಲ್ವರು ಮಕ್ಕಳು. ಕಾರ್ ರೇಸ್ ಅಂದರೆ ಪ್ರಾಣ. ಮಂಜುಗಡ್ಡೆಯ ಮೇಲೆ ಓಡಿಸುವ 'ಆಂದ್ರೋಸ್ ಟ್ರೋಫಿ'ಯಲ್ಲಿ ಹಲವು ವರ್ಷ ಸ್ಪರ್ಧಿಸಿದರು.

ಕೊರೋನಾ ಕಾಲದಲ್ಲಿ ಅವರು ಸ್ಟುಡಿಯೋದಲ್ಲಿ ಇರಲಿಲ್ಲ ಅಲ್ವಾ?

2020ರ ಮಾರ್ಚ್ 17ರಿಂದ ಫ್ರಾನ್ಸಿನಲ್ಲಿ ಲಾಕ್‌ಡೌನ್. ಪೆರ್ನೊಗೆ ಆಗ 70 ತುಂಬುವುದರಲ್ಲಿತ್ತು. ಹಾಗಾಗಿ ಮನೆಯಲ್ಲೇ ಉಳಿದರು. 1998ರಿಂದ ಅವರ ಬದಲಿಗೆ ಕೂರುತ್ತಿದ್ದ ಝಾಕ್ ಲೆಗ್ರೋ ಸುದ್ದಿ ನಡೆಸಿದರು. ಪೆರ್ನೊ ದಿನಾ ತಮ್ಮ ಮನೆಯಿಂದಲೇ ಸ್ವಲ್ಪ ಹೊತ್ತು ಕಾಣಿಸಿಕೊಂಡರು. ಎಲ್ಲರೂ ಮನೆಯಲ್ಲಿ ಕೂತಿದ್ದ ಕಾಲ ಅದು. ನೋಡುಗರ ಸಂಖ್ಯೆ ಏರಿತು. ನಿಯಮಗಳ ಗೊಂದಲದ ಬಗ್ಗೆ, ದೊಡ್ಡ ಸೂಪರ್ ಮಾರ್ಕೆಟ್ ತೆರೆದಿದ್ದು ಸಣ್ಣ ಅಂಗಡಿ ಮುಚ್ಚಬೇಕಾದ ಬಗ್ಗೆ ಆ ವರ್ಷ ಅವರು ನೇರವಾಗಿ ಅಸಮಾಧಾನ ಹೇಳಿದರು.

ಬಿಟ್ಟದ್ದು ಯಾವಾಗ? ಅವರ ಜಾಗಕ್ಕೆ ಯಾರು ಬಂದರು?

2020ರ ಸೆಪ್ಟೆಂಬರಿನಲ್ಲಿ ತಾವು ಬಿಡುವುದನ್ನು ತಿಳಿಸಿದರು. ಕೊನೆಯ ಸುದ್ದಿ ಡಿಸೆಂಬರ್ 18, ಶುಕ್ರವಾರ. ಕಣ್ಣು ತುಂಬಿಕೊಂಡು ವಿದಾಯ ಹೇಳಿದರು. ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು.

2021ರ ಜನವರಿ 4ರಿಂದ ಆ ಜಾಗಕ್ಕೆ ಬಂದವರು ಮರಿ-ಸೋಫಿ ಲಕಾರೋ. ಅವರು ಅದಕ್ಕೂ ಮುಂಚೆ ಫ್ರಾನ್ಸ್ 2ರಲ್ಲಿ ಅದೇ ಹೊತ್ತಿಗೆ ಸುದ್ದಿ ನಡೆಸುತ್ತಿದ್ದರು, ಅಂದರೆ ಪೆರ್ನೊ ಅವರ ನೇರ ಪ್ರತಿಸ್ಪರ್ಧಿ. ದಕ್ಷಿಣದ ಅವೆರೊಂ ಸೀಮೆಯವರು. ಊರುಗಳ ವರದಿಯ ಪದ್ಧತಿಯನ್ನು ಉಳಿಸಿಕೊಂಡರು.

ಪೆರ್ನೊ ಸುಮ್ಮನೆ ಕೂರಲಿಲ್ಲ. ಅದೇ ಸಂಸ್ಥೆಯ ಎಲ್‌ಸಿಐ ಸುದ್ದಿ ಚಾನೆಲ್‌ನಲ್ಲಿ ವಾರಕ್ಕೊಂದು ಕಾರ್ಯಕ್ರಮ ನಡೆಸಿದರು. ಪ್ರಾಂತ್ಯಗಳ ಬಗ್ಗೆಯೇ ಇರುವ ಒಂದು ವಿಡಿಯೋ ತಾಣವನ್ನೂ ಶುರು ಮಾಡಿದರು.

ಅವರು ತೀರಿಕೊಂಡದ್ದು ಹೇಗೆ?

2018ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಯಿತು. ವಾಪಸ್ ಬಂದ ಮೇಲೆ ಅದರ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದರು. ಗಂಡಸರು ಹೇಳಿಕೊಳ್ಳಲು ಹಿಂಜರಿಯುವ ಕಾಯಿಲೆ ಅದು. ಪರೀಕ್ಷೆ ಮಾಡಿಸಿಕೊಳ್ಳಿ ಅಂತ ತಮ್ಮ ವಯಸ್ಸಿನವರಿಗೆ ಹೇಳಿದರು. ಇದನ್ನೂ ನಾನು ಅವರ ಒಳ್ಳೆಯ ಕೆಲಸಗಳಲ್ಲಿ ಸೇರಿಸುತ್ತೇನೆ.

2021ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂತು. ಬಹಳ ವರ್ಷ ಸಿಗರೇಟು ಸೇದಿದ್ದರು. ಆ ವರ್ಷದ ಕೊನೆಗೆ ತಾವೇ ವಿಷಯ ತಿಳಿಸಿದರು. 2022ರ ಮಾರ್ಚ್ 2ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು. 71 ವರ್ಷ. ಯುಕ್ರೇನ್ ಯುದ್ಧ ಶುರುವಾಗಿ ಇನ್ನೂ ಒಂದು ವಾರ ಆಗಿರಲಿಲ್ಲ. ಅಷ್ಟು ದೊಡ್ಡ ಸುದ್ದಿಯ ನಡುವೆಯೂ ಚಾನೆಲ್‌ಗಳು ಅವರಿಗೆ ಜಾಗ ಕೊಟ್ಟವು. ಮಾರ್ಚ್ 9ರಂದು ಪ್ಯಾರಿಸ್‌ನ ಸೇಂತ್-ಕ್ಲೋತಿಲ್ದ್ ಬೆಸಿಲಿಕಾದಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಯಿತು.

ಫ್ರೆಂಚ್ ಕಲಿಯುತ್ತಿದ್ದೇನೆ. ಅವರ ಸುದ್ದಿ ಅರ್ಥ ಆಗುತ್ತದಾ? ಎಲ್ಲಿಂದ ಶುರು ಮಾಡಲಿ?

ಪೆರ್ನೊ ಮಾತು ಬೇಗ ಹಿಡಿತಕ್ಕೆ ಸಿಗುತ್ತದೆ. ಉಚ್ಚಾರ ಸ್ಪಷ್ಟ, ಪದಗಳು ದಿನಬಳಕೆಯವು. ಅವರ ಮಾತಿಗಿಂತ ವರದಿಯಲ್ಲಿ ಬರುವ ಜನರ ಮಾತು ಕಷ್ಟ. ಮಾರ್ಸೇ ಕಡೆಯವರು ಪದದ ಕೊನೆಯನ್ನು ಎಳೆಯುತ್ತಾರೆ. ಉತ್ತರದವರು ಬೇರೆ ರೀತಿ. ತರಗತಿಯಲ್ಲಿ ಕಲಿಸುವ ಪ್ಯಾರಿಸ್ ಫ್ರೆಂಚ್ ಮಾತ್ರ ಕೇಳಿದವರಿಗೆ ಇದು ಒಳ್ಳೆಯ ಅಭ್ಯಾಸ.

ಮೊದಲು ಸಂತೆಯ ವರದಿಗಳನ್ನು ನೋಡಿ. ತರಕಾರಿ, ಮೀನು, ಚೀಸ್, ಬೆಲೆ, ಚೌಕಾಸಿ ಎಲ್ಲ ಕಣ್ಣಿಗೂ ಕಾಣುತ್ತವೆ, ಕಿವಿಗೂ ಬೀಳುತ್ತವೆ. ಆಮೇಲೆ ಬೆರ್‌ದುಯಿ ಶಾಲೆಯ ಸಂದರ್ಶನಕ್ಕೆ ಹೋಗಿ. ಅದು ಉದ್ದ ಇದೆ, ತುಂಡು ಮಾಡಿಕೊಂಡು ನೋಡಿ. ಮೊದಲ ಸಲ ಉತ್ತರಗಳನ್ನು ಬಿಟ್ಟು, ಪೆರ್ನೊ ಕೇಳುವ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಿ.